ಒಂದೇ ದ್ರಾಕ್ಷಿ, ಮೂರು ಊರು

ನಿಮ್ಮ ಮುಂದೆ ಮೂರು ಗ್ಲಾಸುಗಳಿವೆ. ಒಂದೊಂದರಲ್ಲಿ ಎರಡು ಗುಟುಕಿನಷ್ಟು ಮಾತ್ರ ವೈನ್ ಇದೆ. ಪಕ್ಕದಲ್ಲಿ ನೀರು, ಒಂದು ಕಾಗದದ ಲೋಟ, ಎಲೆಯ ಮೇಲೆ ನಾಲ್ಕು ಕಾಳು ಕರಿಮೆಣಸು. ಕಾಗದದ ಲೋಟ ಇರುವುದು ಉಗುಳುವುದಕ್ಕೆ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ವೈನ್ ರುಚಿ ನೋಡುವ ಕೆಲಸದವರೆಲ್ಲ ಬಾಯಲ್ಲಿ ತಿರುಗಿಸಿ ಉಗುಳುತ್ತಾರೆ, ನಾನೂ ದಿನಾ ಅದನ್ನೇ ಮಾಡುತ್ತೇನೆ. ಕುಡಿಯುವ ಅಭ್ಯಾಸವೇ ಇಲ್ಲದವರು ಕೆಲವರು ಬಂದಿದ್ದೀರಿ. ನಿಮಗೆ ಮೂಗೊಂದೇ ಸಾಕು. ಇವತ್ತಿನ ಮುಕ್ಕಾಲು ಭಾಗ ಕೆಲಸ ಮೂಗಿನದೇ.

ಈ ಮೂರೂ ಒಂದೇ ದ್ರಾಕ್ಷಿಯವು. ಫ್ರಾನ್ಸಿನವರು ಅದನ್ನು ಸಿರಾ ಎನ್ನುತ್ತಾರೆ, ಆಸ್ಟ್ರೇಲಿಯಾದವರು ಶಿರಾಜ್ ಎನ್ನುತ್ತಾರೆ. ಎಡಗಡೆಯದು ಫ್ರಾನ್ಸಿನ ರೋನ್ ನದಿಯ ಮೇಲ್ಕಣಿವೆಯದು, ಮಧ್ಯದ್ದು ದಕ್ಷಿಣ ಆಸ್ಟ್ರೇಲಿಯಾದ ಬರೋಸಾದ್ದು, ಬಲಗಡೆಯದು ನಮ್ಮ ನಂದಿ ಬೆಟ್ಟದ ಸೀಮೆಯದು. ದೇಶದೇಶದ ವೈನ್‌ಗಳನ್ನು ತಿಳಿದುಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ. ಪುಸ್ತಕ ಓದಿ ಹೆಸರು ಬಾಯಿಪಾಠ ಮಾಡಬೇಡಿ. ಒಂದು ದ್ರಾಕ್ಷಿಯನ್ನು ಹಿಡಿಯಿರಿ, ಅದನ್ನು ಎರಡು ಮೂರು ಊರುಗಳಿಂದ ತನ್ನಿ, ಅಕ್ಕಪಕ್ಕ ಇಡಿ. ಒಂದೇ ಗ್ಲಾಸು ಮುಂದಿದ್ದರೆ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದನ್ನು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಎರಡಿದ್ದರೆ ನಾಲಿಗೆ ತಾನಾಗಿಯೇ ಮಾತಾಡತೊಡಗುತ್ತದೆ: ಇದು ಹೆಚ್ಚು ಹುಳಿ, ಅದು ಹೆಚ್ಚು ಒಗರು, ಇದರಲ್ಲಿ ಹೊಗೆಯ ವಾಸನೆ, ಅದರಲ್ಲಿ ಕಾಯಿಸಿದ ಹಣ್ಣಿನ ವಾಸನೆ.

ಎಡಗಡೆಯ ಬಾಟಲಿಯನ್ನು ನೋಡಿ, ಹಿಂದಿನ ಸಾಲಿನವರೆಗೂ ದಾಟಿಸಿ. ಅದರ ಚೀಟಿಯ ಮೇಲೆ ಎಲ್ಲೂ ಸಿರಾ ಎಂದು ಬರೆದಿಲ್ಲ. ಕ್ರೋಜ್-ಎರ್ಮಿತಾಜ್ ಎಂದಷ್ಟೇ ಇದೆ. ಅದು ಊರಿನ ಹೆಸರು. ನಾವು ಬ್ಯಾಡಗಿ ಎಂದರೆ ಮೆಣಸಿನಕಾಯಿ ಎಂದು ಬೇರೆ ಹೇಳಬೇಕಿಲ್ಲವಲ್ಲ, ಹಾಗೆ. ಮಟ್ಟು ಗುಳ್ಳದ ಬೀಜ ತಂದು ಬೇರೆ ಜಿಲ್ಲೆಯಲ್ಲಿ ಹಾಕಿದರೆ ಬದನೆಕಾಯಿ ಬಿಡುತ್ತದೆ, ಆದರೆ ಉಡುಪಿಯವರು ಅದನ್ನು ಗುಳ್ಳ ಎಂದು ಒಪ್ಪುವುದಿಲ್ಲ. ಫ್ರಾನ್ಸಿನವರು ಈ ಹಟವನ್ನು ಕಾನೂನಾಗಿ ಮಾಡಿದರು. 1935ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಸ್ಥೆಯನ್ನೇ ಕಟ್ಟಿದರು. ಯಾವ ಗಡಿಯೊಳಗೆ, ಯಾವ ದ್ರಾಕ್ಷಿ, ಎಕರೆಗೆ ಎಷ್ಟು ಇಳುವರಿ ಎಂಬುದನ್ನೆಲ್ಲ ಬರೆದಿಟ್ಟರು.

ಹೆಸರನ್ನು ಊರಿನಿಂದ ಇಡುವುದು ಅವರೇ ಕಂಡುಹಿಡಿದದ್ದು ಎಂದು ಮಾತ್ರ ಭಾವಿಸಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಅಧ್ಯಾಯವಿದೆ. ಅಕ್ಕಿಯದು, ಬೆಲ್ಲದ್ದು, ತೊಗಟೆಯದು ಎಂದು ಮದ್ಯಗಳನ್ನು ಏನೇನು ಹಾಕಿ ಮಾಡುತ್ತಾರೆ ಎಂಬುದರ ಮೇಲೆ ವಿಂಗಡಿಸುತ್ತಾ ಬರುವವನು ದ್ರಾಕ್ಷಿಯ ರಸಕ್ಕೆ ಬಂದಾಗ ದಾರಿ ಬದಲಿಸುತ್ತಾನೆ. ಅದಕ್ಕೆ ಮಧು ಎಂದು ಹೆಸರು, ಅದು ಹುಟ್ಟಿದ ನಾಡೇ ಅದರ ವಿವರಣೆ ಎನ್ನುತ್ತಾನೆ. ಕಾಪಿಶಾಯನ, ಹಾರಹೂರಕ ಎಂದು ಎರಡು ಹೆಸರು ಕೊಡುತ್ತಾನೆ. ಕಾಪಿಶಿ ಎಂದರೆ ಇವತ್ತಿನ ಕಾಬೂಲಿನ ಉತ್ತರಕ್ಕಿರುವ ಬೇಗ್ರಾಮ್ ಸೀಮೆ. ಈ ಸಾಲು ಮೊದಲ ಸಲ ಕಣ್ಣಿಗೆ ಬಿದ್ದ ದಿನ ನಾನು ಪುಸ್ತಕ ಮುಚ್ಚಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಬೇರೆಲ್ಲದಕ್ಕೂ ಪಾಕವಿಧಾನ ಕೊಟ್ಟವನು ಇದಕ್ಕೆ ಊರಿನ ಹೆಸರು ಕೊಟ್ಟು ಸಾಕು ಎಂದ.

ಈಗ ಎಡಗಡೆಯ ಗ್ಲಾಸನ್ನು ಕಾಲು ಹಿಡಿದು ಎತ್ತಿ. ಬಟ್ಟಲನ್ನು ಅಂಗೈಯಲ್ಲಿ ಹಿಡಿದರೆ ಬಿಸಿಯಾಗುತ್ತದೆ. ಮೆಲ್ಲಗೆ ಎರಡು ಸುತ್ತು ತಿರುಗಿಸಿ, ಮೂಗನ್ನು ಗ್ಲಾಸಿನೊಳಗೆ ಇಳಿಸಿ. ಕುಡಿಯಬೇಡಿ. ಆಮೇಲೆ ಒಂದು ಮೆಣಸಿನ ಕಾಳನ್ನು ಹಲ್ಲಿನಲ್ಲಿ ಒಡೆದು ಅಂಗೈ ಮೇಲಿಟ್ಟು ಮೂಸಿ. ಮತ್ತೆ ಗ್ಲಾಸಿಗೆ ಹೋಗಿ.

ಅಲ್ಲಿ ಮುಂದಿನ ಸಾಲಿನ ಅಕ್ಕ ತಲೆಯಾಡಿಸುತ್ತಿದ್ದಾರೆ. ಸಿಕ್ಕಿತು. ಆ ಗ್ಲಾಸಿನಲ್ಲಿ ಯಾರೂ ಮೆಣಸು ಹಾಕಿಲ್ಲ. ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲಿ ರೊಟುಂಡೋನ್ ಎಂಬ ಅಂಶವಿದೆ, ಶಿರಸಿಯ ಈ ಕಾಳಿನ ಪರಿಮಳದಲ್ಲಿ ಇರುವುದೂ ಅದೇ. ಆಸ್ಟ್ರೇಲಿಯಾದ ವೈನ್ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಎಷ್ಟು ಇದ್ದರೆ ಮೂಗಿಗೆ ತಿಳಿಯುತ್ತದೆ ಗೊತ್ತೇ? ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ 16 ಪಾಲು ತೆಗೆದು ಒಂದು ಲೀಟರ್ ಕೆಂಪು ವೈನಿಗೆ ಹಾಕಿದರೆ ಸಾಕು. ಇನ್ನೊಂದು ವಿಷಯವೂ ಅವರಿಗೆ ಕಂಡಿತು. ಐವರಲ್ಲಿ ಸುಮಾರು ಒಬ್ಬರಿಗೆ ಈ ವಾಸನೆ ಹಿಡಿಯುವುದೇ ಇಲ್ಲ. ನಿಮಗೆ ಮೆಣಸು ಸಿಗದಿದ್ದರೆ ಪಕ್ಕದವರನ್ನು ನೋಡಿ ಹೂಂ ಎನ್ನಬೇಡಿ, ನಿಮ್ಮ ಮೂಗು ಹುಟ್ಟಿನಿಂದಲೇ ಹಾಗಿರಬಹುದು. ವೈನ್ ಬಗ್ಗೆ ಇಬ್ಬರು ಜಾಣರು ಜಗಳವಾಡುತ್ತಿದ್ದರೆ ಇಬ್ಬರೂ ನಿಜ ಹೇಳುತ್ತಿರುವ ಸಾಧ್ಯತೆ ಇದೆ.

ಈಗ ಮಧ್ಯದ ಗ್ಲಾಸು ಮೂಸಿ. ಮೆಣಸು ಕಡಿಮೆ, ಅಲ್ಲವೇ? ಚೆನ್ನಾಗಿ ಕಳಿತ ನೇರಳೆ ಹಣ್ಣು, ಜಾಮ್, ಒಂಚೂರು ಚಾಕೊಲೇಟು. ದ್ರಾಕ್ಷಿ ಬೇರೆಯಲ್ಲ, ಹಾಗಾದರೆ ಮೆಣಸು ಎಲ್ಲಿ ಹೋಯಿತು? ಬಿಸಿಲಿಗೆ ಹೋಯಿತು. ತಂಪು ಸೀಮೆಯಲ್ಲಿ, ಎಲೆಯ ನೆರಳಲ್ಲಿ ನಿಧಾನವಾಗಿ ಹಣ್ಣಾದ ಗೊಂಚಲಿನಲ್ಲಿ ರೊಟುಂಡೋನ್ ಹೆಚ್ಚು ಕೂಡುತ್ತದೆ. ಬಿಸಿಲಿಗೆ ಕಾದ ಗೊಂಚಲಿನಲ್ಲಿ ಕಡಿಮೆ. ರೋನ್ ಮೇಲ್ಕಣಿವೆ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕಡಿದಾದ ಗ್ರಾನೈಟ್ ಗುಡ್ಡಗಳು, ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಜೋರು ಗಾಳಿ. ಆ ಗಾಳಿಗೆ ಬಳ್ಳಿ ಮುರಿಯದಿರಲೆಂದು ಇಳಿಜಾರಿನಲ್ಲಿ ಒಂದೊಂದು ಬಳ್ಳಿಗೂ ಗೂಟ ನೆಟ್ಟು ಕಟ್ಟುತ್ತಾರೆ. ಎರ್ಮಿತಾಜ್ ಎಂಬ ಹೆಸರಾಂತ ಗುಡ್ಡದಲ್ಲಿ ದ್ರಾಕ್ಷಿ ಇರುವುದು ಸುಮಾರು 136 ಹೆಕ್ಟೇರ್ ಮಾತ್ರ, ಅಲ್ಲಿಯ ಬಾಟಲಿಯ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ. ಕ್ರೋಜ್-ಎರ್ಮಿತಾಜ್ ಆ ಗುಡ್ಡದ ಸುತ್ತಲಿನ ಊರುಗಳದ್ದು. ದೊಡ್ಡ ಹೆಸರಿನ ಪಕ್ಕದ ಊರನ್ನು ಹುಡುಕುವುದು ಒಳ್ಳೆಯ ಅಭ್ಯಾಸ. ಗುಣದ ಒಂದು ಪಾಲು ಸಿಗುತ್ತದೆ, ಜೇಬೂ ಉಳಿಯುತ್ತದೆ.

ಶಿರಾಜ್ ಎಂಬ ಹೆಸರು ಕೇಳಿ ಇದು ಇರಾನಿನ ಶಿರಾಜ್ ಪಟ್ಟಣದಿಂದ ಬಂದ ದ್ರಾಕ್ಷಿ ಎನ್ನುವವರು ಬಹಳ ಮಂದಿ. ಕಥೆ ಚಂದ, ನಿಜವಲ್ಲ. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿದಾಗ ಇದರ ಅಪ್ಪ ಅಮ್ಮ ಇಬ್ಬರೂ ಆಗ್ನೇಯ ಫ್ರಾನ್ಸಿನವರೇ ಎಂದು ತಿಳಿಯಿತು: ದ್ಯುರೆಜಾ ಮತ್ತು ಮೊಂದೂಜ್ ಬ್ಲಾಂಶ್.

ಬರೋಸಾದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಏಕೆಂದರೆ ಅದು ನನ್ನ ಮನೆಯ ಕಥೆಗೂ ತಾಗುತ್ತದೆ. ನಮ್ಮದು ಟಿಕೋಟಾ ಹತ್ತಿರದ ಹಳ್ಳಿ, ವಿಜಯಪುರ ಜಿಲ್ಲೆ. ಮನೆಯಲ್ಲಿ ದ್ರಾಕ್ಷಿ ಪಡ, ಅಂದರೆ ತೋಟ ಇದೆ, ಮಣೂಕ, ಅಂದರೆ ಒಣದ್ರಾಕ್ಷಿ ಮಾಡುತ್ತೇವೆ. ನಮ್ಮ ಬಳ್ಳಿ ಮೇಲೆ ಥಾಮ್ಸನ್ ಎಂಬ ತಳಿ, ಕೆಳಗೆ ಡಾಗ್‌ರಿಡ್ಜ್ ಎಂಬ ಇನ್ನೊಂದು. ಬೇರು ಅಮೆರಿಕದ್ದು, ಅದರ ಮೇಲೆ ಕಸಿ. ನಮ್ಮಲ್ಲಿ ಹಾಗೆ ಮಾಡುವುದು ನೀರಿನ ಕೊರತೆ ಮತ್ತು ಉಪ್ಪು ನೀರಿಗೆ ತಡೆಯಲಿ ಎಂದು. ಆದರೆ ಅಮೆರಿಕದ ಬೇರಿಗೆ ಕಸಿ ಕಟ್ಟುವ ಈ ಕೆಲಸ ಜಗತ್ತಿನಲ್ಲಿ ಹರಡಿದ್ದು ಒಂದು ಹೇನಿನಿಂದ. ಫಿಲಾಕ್ಸೆರಾ ಎಂಬ ಬೇರು ಹೇನು ಅಮೆರಿಕದಿಂದ ಯುರೋಪಿಗೆ ಬಂತು. 1863ರ ಸುಮಾರಿಗೆ ರೋನ್ ನದಿಯ ಕೆಳಕಣಿವೆಯಲ್ಲಿ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. 1868ರಲ್ಲಿ ಮೊಂಪೆಲಿಯೆಯ ಸಸ್ಯವಿಜ್ಞಾನಿ ಪ್ಲಾಂಶೋ ಮತ್ತು ಜೊತೆಗಾರರು ಬಳ್ಳಿ ಕಿತ್ತು ಬೇರು ನೋಡಿ ಹೇನನ್ನು ಹಿಡಿದರು. ಔಷಧ ಹೊಡೆದರೂ ಹೊಲಕ್ಕೆ ನೀರು ತುಂಬಿಸಿದರೂ ಪೂರ್ತಿ ನಿಲ್ಲಲಿಲ್ಲ. ಹೇನು ಕಡಿದರೂ ಸಾಯದ ಅಮೆರಿಕದ ಬೇರೇ ಕೊನೆಗೆ ಉಳಿಸಿತು. ಇವತ್ತು ಫ್ರಾನ್ಸಿನ ಹೆಚ್ಚುಕಡಿಮೆ ಎಲ್ಲ ಬಳ್ಳಿಗಳೂ ಕಸಿಯವೇ.

ದಕ್ಷಿಣ ಆಸ್ಟ್ರೇಲಿಯಾಕ್ಕೆ ಆ ಹೇನು ಇಂದಿಗೂ ಹೋಗಿಲ್ಲ. ಜೇಮ್ಸ್ ಬಸ್‌ಬಿ ಎಂಬಾತ ಫ್ರಾನ್ಸ್, ಸ್ಪೇನ್ ಸುತ್ತಿ 1832ರಲ್ಲಿ ಆಸ್ಟ್ರೇಲಿಯಾಕ್ಕೆ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಒಯ್ದ. 1840ರ ದಶಕದಲ್ಲಿ ಯುರೋಪಿನ ಸೈಲೀಶಿಯಾ ಸೀಮೆಯಿಂದ ಬಂದ ಲೂಥರನ್ ಕ್ರೈಸ್ತ ಕುಟುಂಬಗಳು ಬರೋಸಾದಲ್ಲಿ ನೆಲೆಯೂರಿ ಬಳ್ಳಿ ನೆಟ್ಟವು. 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಅಲ್ಲಿ ಇನ್ನೂ ಹಣ್ಣು ಬಿಡುತ್ತವೆ, ಸ್ವಂತ ಬೇರಿನ ಮೇಲೆ. ತವರಿನಲ್ಲಿ ಸತ್ತುಹೋದ ಪೀಳಿಗೆ ಮಗಳ ಮನೆಯಲ್ಲಿ ಉಳಿದಿದೆ.

ಆದರೆ ಅವು ಉಳಿದದ್ದು ಸುಲಭಕ್ಕಲ್ಲ. 1980ರ ದಶಕದಲ್ಲಿ ದ್ರಾಕ್ಷಿಗೆ ಬೆಲೆ ಬಿದ್ದಾಗ ಅಲ್ಲಿಯ ಸರ್ಕಾರವೇ ಬಳ್ಳಿ ಕಿತ್ತುಹಾಕಲು ರೈತರಿಗೆ ಹಣ ಕೊಟ್ಟಿತು. ನೂರು ವರ್ಷದ ಬಳ್ಳಿಗಳು ಬೇರುಸಮೇತ ಹೋದವು. ಕೆಲವು ಮನೆಗಳು ಕೀಳದೆ ಹಟ ಹಿಡಿದವು, ಕೆಲವು ವೈನ್ ತಯಾರಕರು ಮಾರುಕಟ್ಟೆಗಿಂತ ಹೆಚ್ಚು ಬೆಲೆ ಕೊಟ್ಟು ಹಳೆಯ ಬಳ್ಳಿಯ ಹಣ್ಣು ಕೊಂಡರು. 2009ರಲ್ಲಿ ಬರೋಸಾದವರು ಬಳ್ಳಿಯ ವಯಸ್ಸಿಗೊಂದು ಪಟ್ಟಿಯನ್ನೇ ಮಾಡಿದರು: 35 ದಾಟಿದರೆ ಹಳೆಯದು, 70 ದಾಟಿದರೆ ಉಳಿದುಕೊಂಡದ್ದು, 100 ದಾಟಿದರೆ ಶತಾಯುಷಿ, 125 ದಾಟಿದರೆ ಪೂರ್ವಜ. ವಿಜಯಪುರದ ಕಡೆ ಮಣೂಕದ ರೇಟು ಬಿದ್ದ ವರ್ಷ ಪಡ ಕಡಿದು ಕಬ್ಬು ಹಾಕಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಮಧ್ಯದ ಗ್ಲಾಸನ್ನು ನಾನು ಎಂದೂ ಅವಸರದಲ್ಲಿ ಕುಡಿದಿಲ್ಲ.

ಈಗ ಎರಡನ್ನೂ ಒಂದೊಂದು ಗುಟುಕು ಬಾಯಿಗೆ ಹಾಕಿ, ನಾಲಿಗೆಯ ಎರಡೂ ಬದಿಗೆ ತಾಗಲಿ. ಎಡಗಡೆಯದರಲ್ಲಿ ಬಾಯಲ್ಲಿ ನೀರೂರುತ್ತದೆ, ಅದು ಹುಳಿ. ವಸಡು ಹಿಡಿದಂತಾಗುತ್ತದೆ, ಅದು ಒಗರು. ಇಂಗ್ಲಿಷಿನಲ್ಲಿ ಓದಿದವರು ಟ್ಯಾನಿನ್ ಎಂದು ಕಷ್ಟಪಟ್ಟು ವಿವರಿಸುತ್ತಾರೆ. ಬಾಳೆಕಾಯಿ, ಎಳೆ ಅಡಿಕೆ, ನೆಲ್ಲಿಕಾಯಿ ತಿಂದು ಬೆಳೆದ ನಮಗೆ ಒಗರು ಎಂದರೆ ಮುಗಿಯಿತು. ಅದು ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ, ಬಣ್ಣವೂ ಸಿಪ್ಪೆಯದೇ. ಮಧ್ಯದ್ದು ಗಂಟಲಿಗೆ ಬೆಚ್ಚಗೆ ಇಳಿಯುತ್ತದೆ. ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಏರಿತ್ತು, ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡಿತು. ಚೀಟಿ ನೋಡಿ: ಎಡಗಡೆ ಶೇ 13, ಮಧ್ಯದ್ದು ಶೇ 14.5. ಬಾಟಲಿ ತೆರೆಯುವ ಮೊದಲೇ ಆ ಅಂಕಿಯಿಂದ ಊರಿನ ಬಿಸಿಲನ್ನು ಅಂದಾಜು ಮಾಡಬಹುದು. ಜರ್ಮನಿಯ ಮೋಸೆಲ್ ನದಿಯ ಕಪ್ಪು ಸ್ಲೇಟ್ ಕಲ್ಲಿನ ಇಳಿಜಾರಿನ ರೀಸ್ಲಿಂಗ್ ಎಂಬ ಬಿಳಿ ವೈನ್ ಸಿಕ್ಕರೆ ನೋಡಿ, ಶೇ 8 ಎಂದೂ ಬರೆದಿರುತ್ತದೆ. ಸ್ವಲ್ಪ ಸಕ್ಕರೆ ಆಲ್ಕೋಹಾಲ್ ಆಗದೆ ಹಾಗೆಯೇ ಉಳಿದಿರುತ್ತದೆ.

ಸಿಹಿಯ ಮಾತು ಬಂದದ್ದಕ್ಕೆ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮಲ್ಲಿ ಬಹಳ ಜನ ಮೊದಲು ಕುಡಿದ ವೈನ್ ‘ಪೋರ್ಟ್’ ಎಂಬ ಹೆಸರಿನ ಅಗ್ಗದ ಸಿಹಿ ವೈನ್. ಅದಕ್ಕೆ ಹೆಚ್ಚಾಗಿ ಹೋಗುತ್ತಿದ್ದದ್ದು ಬೆಂಗಳೂರು ನೀಲಿ ದ್ರಾಕ್ಷಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದರ ರಕ್ತದಲ್ಲಿ ಅಮೆರಿಕದ ಕಾಡು ದ್ರಾಕ್ಷಿಯ ಪಾಲಿದೆ, ಆ ಗಾಢವಾದ ವಾಸನೆ ಅಲ್ಲಿಯದು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಇದೇ ಹಣ್ಣಿಗೆ ಸಕ್ಕರೆ, ಗೋಧಿ ಹಾಕಿ ಭರಣಿಯಲ್ಲಿ ವೈನ್ ಇಡುತ್ತಾರೆ, ದಿನಾ ಮರದ ಸೌಟಿನಲ್ಲಿ ಕಲಕುತ್ತಾರೆ. ನನಗೆ ಅದು ಇಷ್ಟ, ಕೇಕಿನ ಜೊತೆ ಬೇರೆ ಯಾವುದೂ ಬೇಡ. ಆದರೆ ನಿಜವಾದ ಪೋರ್ಟ್ ಪೋರ್ಚುಗಲ್ಲಿನ ದೋರು ಕಣಿವೆಯದು. 1756ರಲ್ಲಿ ಅಲ್ಲಿಯ ಮಂತ್ರಿ ಮಾರ್ಕಿಸ್ ಆಫ್ ಪೊಂಬಾಲ್ ಆ ಸೀಮೆಗೆ ಗಡಿ ಹಾಕಿಸಿದ. ಹುದುಗು ಅರ್ಧಕ್ಕೆ ಬಂದಾಗ ದ್ರಾಕ್ಷಿಯ ಸಾರಾಯಿ ಸುರಿದು ಯೀಸ್ಟನ್ನು ನಿಲ್ಲಿಸುತ್ತಾರೆ, ಹಣ್ಣಿನ ಸಕ್ಕರೆ ಒಳಗೇ ಉಳಿಯುತ್ತದೆ. ಪೋರ್ಚುಗೀಸರದೇ ಇನ್ನೊಂದು, ಮದೀರಾ ದ್ವೀಪದ ವೈನ್, ನಮ್ಮ ಸಮುದ್ರ ನೋಡಿಯೇ ರುಚಿ ಪಡೆದದ್ದು. ಹಡಗಿನ ಹೊಟ್ಟೆಯಲ್ಲಿ ಪೀಪಾಯಿಗಳು ಭಾರತದವರೆಗೆ ಬಂದು ಹಿಂತಿರುಗುವಾಗ ಉಷ್ಣವಲಯದ ಶಾಖಕ್ಕೆ ಕಾದು, ಕೆಡುವ ಬದಲು ರುಚಿಯಾದವು. ಹಾಗೆ ಹೋಗಿ ಬಂದ ವೈನಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. ಈಗ ಆ ಶಾಖವನ್ನು ದ್ವೀಪದಲ್ಲೇ ಕೊಡುತ್ತಾರೆ.

ಭರಣಿ ಎಂದೆ. ಜಾರ್ಜಿಯಾ ದೇಶದ ಕಾಖೇತಿಯಲ್ಲಿ ನಾನು ಕಂಡ ಭರಣಿಗಳು ಆಳೆತ್ತರದವು, ಕುತ್ತಿಗೆಯವರೆಗೆ ನೆಲದಲ್ಲಿ ಹೂತವು. ಕ್ವೆವ್ರಿ ಎನ್ನುತ್ತಾರೆ. ಒಳಮೈಗೆ ಜೇನುಮೇಣ ಸವರಿರುತ್ತಾರೆ. ಬಿಳಿ ದ್ರಾಕ್ಷಿಯನ್ನು ಹಿಂಡಿ ರಸ, ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ಒಟ್ಟಿಗೆ ಸುರಿದು, ಹುದುಗು ಇಳಿದ ಮೇಲೆ ಬಾಯಿ ಮುಚ್ಚಿ ಚಳಿಗಾಲವೆಲ್ಲ ಬಿಡುತ್ತಾರೆ. ವಸಂತದಲ್ಲಿ ತೆರೆದಾಗ ವೈನ್ ಹಳೆಯ ಜೇನಿನ ಬಣ್ಣಕ್ಕೆ ಬಂದಿರುತ್ತದೆ, ಬಿಳಿ ದ್ರಾಕ್ಷಿಯದಾದರೂ ಕಡು ಚಹಾದಷ್ಟು ಒಗರು. ಆ ದೇಶದಲ್ಲಿ ಅಗೆದು ಸಿಕ್ಕ ಮಡಕೆಯ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ದ್ರಾಕ್ಷಿ ವೈನಿನ ಗುರುತುಗಳಿವೆ. ಕ್ವೆವ್ರಿ ವಿಧಾನವನ್ನು ಯುನೆಸ್ಕೊ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನಾನು ಹೋದ ಮನೆಯ ಅಜ್ಜಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ನನಗೆ ಅವರದು. ಕೈ ಹಿಡಿದು ಕರೆದೊಯ್ದು, ನೆಲದಲ್ಲಿದ್ದ ಬಾಯಿಯ ಪಕ್ಕ ಮಂಡಿಯೂರಿ ಕಿವಿ ಇಡು ಎಂದು ಸನ್ನೆ ಮಾಡಿದರು. ಒಳಗೆ ಗುಳುಗುಳು ಎನ್ನುತ್ತಿತ್ತು. ನಮ್ಮಮ್ಮ ದೋಸೆ ಹಿಟ್ಟಿನ ಪಾತ್ರೆಗೆ ಕಿವಿ ಇಟ್ಟು ನೋಡುವುದನ್ನು ಅಲ್ಲಿ ನೆನೆಸಿಕೊಂಡೆ.

ಬಲಗಡೆಯ ಗ್ಲಾಸಿಗೆ ಬರೋಣ. 1980ರ ದಶಕದ ಕೊನೆಯಲ್ಲಿ ಉದ್ಯಮಿ ಕನ್ವಲ್ ಗ್ರೋವರ್, ಫ್ರಾನ್ಸಿನ ಷಾಂಪೇನ್ ಸೀಮೆಯ ವೈನ್ ತಯಾರಕ ಜಾರ್ಜ್ ವೆಸೆಲ್ ಅವರ ಸಲಹೆಯೊಂದಿಗೆ, ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ನೆಟ್ಟರು. ವೈನ್ ದ್ರಾಕ್ಷಿ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಮಾತ್ರ ಎಂದು ಪುಸ್ತಕಗಳು ಹೇಳುತ್ತಿದ್ದವು. ನಂದಿ ಇರುವುದು 13ರಲ್ಲಿ. ಅಕ್ಷಾಂಶ ಕೊಡದ ತಂಪನ್ನು ಇಲ್ಲಿ ಎತ್ತರ ಕೊಡುತ್ತದೆ, ಅದರಲ್ಲೂ ರಾತ್ರಿಯ ಹೊತ್ತು. ಆದರೆ ಚಳಿಗಾಲವನ್ನು ಕೊಡಲಾರದು. ರೋನ್‌ನಲ್ಲಿ ಎಲೆ ಉದುರಿ ಬಳ್ಳಿ ನಿದ್ದೆ ಹೋಗುತ್ತದೆ. ನಮ್ಮ ಬಳ್ಳಿಗೆ ನಿದ್ದೆಯಿಲ್ಲ. ಬಿಟ್ಟರೆ ವರ್ಷಕ್ಕೆ ಎರಡು ಸಲ ಕಾಯಿ ಕಟ್ಟಿ ಬಳಲುತ್ತದೆ. ಅದಕ್ಕೇ ನಾವು ಎರಡು ಸಲ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ ಮಾಡುತ್ತೇವೆ: ಬೇಸಿಗೆಯಲ್ಲೊಂದು, ಕಡ್ಡಿ ಬಲಿಯುವುದಕ್ಕೆ. ಮಳೆ ಇಳಿಯುವ ಹೊತ್ತಿಗೆ ಇನ್ನೊಂದು, ಹಣ್ಣಿಗೆ. ಕೊಯ್ಲು ಫೆಬ್ರವರಿ, ಮಾರ್ಚ್. ಅಂದರೆ ಹಣ್ಣು ಮಾಗುವಾಗ ಫ್ರಾನ್ಸಿನಲ್ಲಿ ಬಿಸಿಲು ಇಳಿಮುಖ, ನಮ್ಮಲ್ಲಿ ಏರುಮುಖ. ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಯಾವ ದಿನ, ಬೆಳಗಿನ ಜಾವ ಎಷ್ಟು ಗಂಟೆಗೆ ಕೀಳಬೇಕು ಎಂಬುದರಲ್ಲೇ ನಮ್ಮ ವೈನಿನ ಅರ್ಧ ಹಣೆಬರಹವಿದೆ. ಇಲ್ಲಿಯ ಸಿರಾದಲ್ಲಿ ಮೆಣಸು ಇದೆ, ಹಿಂದೆ ಸರಿದು ನಿಂತಿದೆ. ಹಣ್ಣು ಮೆತ್ತಗೆ, ಒಗರು ದುಂಡಗೆ. ರೋನ್‌ನದಕ್ಕಿಂತ ಇದು ಕಡಿಮೆ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮದರಲ್ಲಿ ಓಕ್ ಪೀಪಾಯಿಯ ವಾಸನೆ ಹಲವು ಸಲ ಹಣ್ಣನ್ನು ಮುಚ್ಚುತ್ತದೆ. ಅದನ್ನು ಕಡಿಮೆ ಮಾಡಬೇಕು ಎಂದು ನನ್ನ ಕೆಲಸದ ಜಾಗದಲ್ಲೂ ವಾದಿಸುತ್ತಿದ್ದೇನೆ. ನಂದಿಯ ಮಣ್ಣು ಮಾತಾಡುವಾಗ ಮರ ಅಡ್ಡ ಬರಬಾರದು.

ನಮ್ಮ ಅಪ್ಪ ಜೀವಮಾನದಲ್ಲಿ ಹನಿ ಮದ್ಯ ಮುಟ್ಟಿದವರಲ್ಲ. ಒಂದು ಸಲ ಊರಿಗೆ ಹೋದಾಗ ಇಂಥದೇ ಒಂದು ಗ್ಲಾಸು ಮುಂದಿಟ್ಟು, ಬರೀ ಮೂಸಿ ನೋಡಪ್ಪ ಎಂದೆ. ಬಹಳ ಹೊತ್ತು ಮೂಸಿದರು. ‘ಹಣ್ಣು ಬಿಸಲಿಗೆ ಜಾಸ್ತಿ ನಿಂತೈತವಾ. ಸಂಜಿ ಕಡೆ ಎಲಿ ತಗದಾರ’ ಎಂದರು. ತೋಟದವರಿಗೆ ಫೋನ್ ಮಾಡಿ ಕೇಳಿದೆ. ಆ ವರ್ಷ ಬೂದಿ ರೋಗಕ್ಕೆ ಹೆದರಿ ಪಡುವಣ ಬದಿಯ ಎಲೆ ತೆಗೆಸಿದ್ದರಂತೆ.

ಮನೆಯಲ್ಲಿ ಹೀಗೆ ರುಚಿ ನೋಡುವವರಿಗೆ ಎರಡು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುತ್ತಾರಲ್ಲ, ಅದು ಯುರೋಪಿನ ಹಳೆಯ ಕಲ್ಲಿನ ಮನೆಯ ಕೋಣೆ, 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ಲಿನ ಕೋಣೆಯಲ್ಲ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ, ಯಾರು ಏನೆಂದರೂ ಸರಿ. ಊಟದ ವಿಷಯದಲ್ಲಿ ಖಾರವನ್ನು ನೋಡಿಕೊಳ್ಳಿ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ಮೆಣಸಿನಕಾಯಿಯ ಉರಿ ಏರುತ್ತದೆ, ಒಗರು ಅದಕ್ಕೆ ಜೊತೆಗೂಡುತ್ತದೆ. ಖಾರದ ಕೋಳಿ ಸಾರಿಗೆ ಆಗ ಹೇಳಿದ ಮೋಸೆಲ್‌ನಂಥ ತುಸು ಸಿಹಿಯ ಬಿಳಿ ವೈನ್ ಹೊಂದುತ್ತದೆ. ಶೇಂಗಾ, ಎಳ್ಳು ಅರೆದು ಹಾಕಿದ ಎಣ್ಣೆಗಾಯಿಯ ಜಿಡ್ಡಿಗೆ ಒಗರು ಹೊಂದುತ್ತದೆ.

ಒಳಗಿನಿಂದ ಜೋಳದ ರೊಟ್ಟಿ, ಎಣ್ಣೆಗಾಯಿ ಬರುತ್ತಿವೆ. ಬಲಗಡೆಯ ಗ್ಲಾಸನ್ನು ಅಲ್ಲಿಯವರೆಗೆ ಮುಟ್ಟಬೇಡಿ. ಒಂದು ತುತ್ತು ತಿನ್ನಿ, ಆಮೇಲೆ ಒಂದು ಗುಟುಕು ತೆಗೆದುಕೊಳ್ಳಿ. ಮೆಣಸು ಸಿಗದವರು ಕೈ ಎತ್ತಿ, ಎಣಿಸೋಣ.